ಚಾಮರಾಜನಗರ ಭೇಟಿಯೂ ಕುರ್ಚಿಯ ಸ್ಟೇಟೂ: ಜಾವಾಸ್ಕ್ರಿಪ್ಟ್ ಶಾಸ್ತ್ರಾನುಸಾರ ಒಂದು ಮೀಮಾಂಸೆ

ಲಕ್ಷಣ

ವೆಬ್ ಆ್ಯಪ್ ಯಾವುದೇ ಕ್ಷಣದಲ್ಲಿ ನೆನಪಿಟ್ಟುಕೊಂಡಿರುವ ಸಂಗತಿಗಳೆಲ್ಲ ಸೇರಿ ಅದರ ಸ್ಟೇಟ್. ಯಾರು ಲಾಗಿನ್ ಆಗಿದ್ದಾರೆ, ಯಾವ ಮೆನು ತೆರೆದಿದೆ ಎಂಬುದೆಲ್ಲ ಇದರೊಳಗೆ ಬರುತ್ತದೆ. ಶಾಸ್ತ್ರದ ಮೂಲಪ್ರಶ್ನೆ ಒಂದೇ: ಸ್ಟೇಟ್ ಬದಲಾದರೆ ಬದಲಾಯಿಸಿದವರು ಯಾರು? ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ರಚಿಸಿ, ಈ ಪ್ರಶ್ನೆಯನ್ನು ಮುಂದಿನವರಿಗೆ ಬಿಟ್ಟರು. ಕರ್ನಾಟಕದಲ್ಲಿ ಇದರ ಚರ್ಚೆ ಅದಕ್ಕೂ ಮೊದಲೇ ಚಾಮರಾಜನಗರದ ನೆಪದಲ್ಲಿ ನಡೆದಿತ್ತು.

ಪೂರ್ವಪಕ್ಷ

ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬುದು ಪೂರ್ವಪಕ್ಷ. ಅದರ ಪ್ರತಿಪಾದಕರು ದೇವರಾಜ ಅರಸು, ಆರ್. ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಬೆರಳು ಮಡಚುತ್ತಾರೆ. ಶಾಸ್ತ್ರದ ಪ್ರಕಾರ ಇಲ್ಲಿ ಕುರ್ಚಿ ಎಂಬುದು ಯಾವ ಭಾಗದಿಂದಲೂ ಬದಲಾಯಿಸಬಹುದಾದ ಗ್ಲೋಬಲ್ ವೇರಿಯಬಲ್, ಭೇಟಿ ಎಂಬುದು ಕರೆದಾಗ ಕೆಲಸ ಮಾಡುವ ಫಂಕ್ಷನ್. ಹಾರ, ಶಂಕುಸ್ಥಾಪನೆ, ಭಾಷಣ ಇಷ್ಟೇ ಫಂಕ್ಷನ್ನಿನ ಘೋಷಿತ ಕೆಲಸ. ಅಷ್ಟು ಮುಗಿಸಿ, ಯಾರಿಗೂ ಹೇಳದೆ ಬೆಂಗಳೂರಿನ ಕುರ್ಚಿಯನ್ನೂ ಅಲ್ಲಾಡಿಸಿದರೆ ಅದು ಸೈಡ್ ಎಫೆಕ್ಟ್.

ಪ್ರಾಯಶ್ಚಿತ್ತ

ಬಗ್ ಎಲ್ಲಿದೆಯೆಂದು ತಿಳಿಯದ ಪ್ರೋಗ್ರಾಮರ್ ಅನುಮಾನಾಸ್ಪದ ಫಂಕ್ಷನ್ನನ್ನು ಕರೆಯುವುದನ್ನೇ ಬಿಡುತ್ತಾನೆ. ಇದಕ್ಕೆ ವರ್ಕರೌಂಡ್ ಎಂಬ ಗೌರವದ ಹೆಸರಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯನ್ನು ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಜಿಲ್ಲೆ ಉದ್ಘಾಟನೆಯಾಯಿತು, ಬಗ್ ಮಾತ್ರ ಇದ್ದಲ್ಲೇ ಉಳಿಯಿತು.

ಸಿದ್ಧಾಂತ

ಫೇಸ್‌ಬುಕ್ 2014ರಲ್ಲಿ ಸ್ಟೇಟ್ ನಿರ್ವಹಣೆಗೆ ಫ್ಲಕ್ಸ್ ಎಂಬ ವಿನ್ಯಾಸವನ್ನು ಮುಂದಿಟ್ಟಿತು. ಅದನ್ನು ಸರಳಗೊಳಿಸಿ ಡ್ಯಾನ್ ಅಬ್ರಮೋವ್ ಮತ್ತು ಆ್ಯಂಡ್ರ್ಯೂ ಕ್ಲಾರ್ಕ್ 2015ರಲ್ಲಿ ರಿಡಕ್ಸ್ ಎಂಬ ಲೈಬ್ರರಿ ರಚಿಸಿದರು. ಅದರ ಸೂತ್ರಗಳು ಮೂರು.

ಒಂದು: ಇಡೀ ಸ್ಟೇಟ್ ಒಂದೇ ಸ್ಟೋರ್‌ನಲ್ಲಿರಬೇಕು. ಸುಪ್ರೀಂ ಕೋರ್ಟ್ ರಿಡಕ್ಸ್‌ಗಿಂತ ಇಪ್ಪತ್ತೊಂದು ವರ್ಷ ಮೊದಲೇ, 1994ರ ಬೊಮ್ಮಾಯಿ ಪ್ರಕರಣದಲ್ಲಿ, ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲೇ ಎಂದು ಈ ಸೂತ್ರಕ್ಕೆ ಭಾಷ್ಯ ಬರೆದಿದೆ.

ಎರಡು: ಸ್ಟೇಟನ್ನು ಯಾರೂ ನೇರವಾಗಿ ಮುಟ್ಟಕೂಡದು, ಬದಲಾವಣೆ ಬೇಕಿದ್ದವರು ಆಕ್ಷನ್ ಕಳಿಸಬೇಕು. ಗುಂಡೂರಾಯರ ವಿಷಯದಲ್ಲಿ ಆಕ್ಷನ್‌ನ ಹೆಸರು 1983ರ ಚುನಾವಣೆ. ಹೆಗಡೆಯವರದು 1988ರ ದೂರವಾಣಿ ಕದ್ದಾಲಿಕೆ ವಿವಾದ ಮತ್ತು ರಾಜೀನಾಮೆ. ಬೊಮ್ಮಾಯಿಯವರದು 1989ರ ರಾಷ್ಟ್ರಪತಿ ಆಳ್ವಿಕೆ. ವೀರೇಂದ್ರ ಪಾಟೀಲರ ಪಾಲಿನದನ್ನು 1990ರಲ್ಲಿ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಿಂದಲೇ ಕಳಿಸಿದರು.

ಮೂರು: ಹಳೆಯ ಸ್ಟೇಟನ್ನೂ ಆಕ್ಷನ್ನನ್ನೂ ನೋಡಿ ಹೊಸ ಸ್ಟೇಟ್ ಕೊಡುವ ರಿಡ್ಯೂಸರ್ ಶುದ್ಧ ಫಂಕ್ಷನ್ ಆಗಿರಬೇಕು, ಅದೇ ಇನ್‌ಪುಟ್‌ಗೆ ಅದೇ ಉತ್ತರ. ಗುರುತಿಲ್ಲದ ಆಕ್ಷನ್ ಬಂದರೆ ಹಳೆಯ ಸ್ಟೇಟನ್ನೇ ಹಿಂದಿರುಗಿಸಬೇಕು. ಸಂವಿಧಾನವೆಂಬ ರಿಡ್ಯೂಸರ್‌ನಲ್ಲಿ ಚುನಾವಣೆಗೆ, ರಾಜೀನಾಮೆಗೆ, ಅವಿಶ್ವಾಸಕ್ಕೆ ಜಾಗವಿದೆ. "ಚಾಮರಾಜನಗರ ಭೇಟಿ" ಎಂಬ ಆಕ್ಷನ್‌ಗೆ ಯಾವ ವಿಧಿಯಲ್ಲೂ ಜಾಗವಿಲ್ಲ.

ಪರೀಕ್ಷೆ

ಪಟ್ಟಣದಿಂದ ದೂರವೇ ಉಳಿದ ಬಿ.ಎಸ್. ಯಡಿಯೂರಪ್ಪನವರು 2011ರಲ್ಲೂ 2021ರಲ್ಲೂ ಅವಧಿಗೆ ಮುನ್ನವೇ ಕುರ್ಚಿ ಬಿಟ್ಟರು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿ ಬಂದೂ ಐದು ವರ್ಷ ಪೂರೈಸಿದರು. ಪೂರ್ವಪಕ್ಷದವರು ಭೇಟಿಯ ನಂತರ ಕುರ್ಚಿ ಕಳೆದುಕೊಂಡ 2007ರ ಕುಮಾರಸ್ವಾಮಿ, 2013ರ ಜಗದೀಶ ಶೆಟ್ಟರ್ ಅವರನ್ನು ಮುಂದೆ ಮಾಡಿ, ಸಿದ್ದರಾಮಯ್ಯನವರದು ವಿನಾಯಿತಿ ಎನ್ನುತ್ತಾರೆ. ಟೆಸ್ಟ್ ಫೇಲಾದಾಗ ಟೆಸ್ಟನ್ನೇ ಅಳಿಸುವ ಈ ಪದ್ಧತಿ ಸಾಫ್ಟ್‌ವೇರ್ ಕಂಪನಿಗಳಲ್ಲೂ ಊರ್ಜಿತದಲ್ಲಿದೆ.

ಗುಂಡ್ಲುಪೇಟೆ ಪ್ರಕರಣ

ಸ್ಟೇಟ್ ನಿರ್ವಹಣೆಯ ನಿರ್ದುಷ್ಟ ಮಾದರಿ ಅದೇ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಲಭ್ಯ. ಅಲ್ಲಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಬಂಡೀಪುರದ ಕಾಡಿನೊಳಗೆ ಸಾಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಮೇಲುಕಾಮನಹಳ್ಳಿ ಮತ್ತು ಮದ್ದೂರು ಚೆಕ್‌ಪೋಸ್ಟ್‌ಗಳೆರಡೂ ಒಂದೇ ಆದೇಶವನ್ನು ನೋಡಿ ಗೇಟು ಹಾಕುತ್ತವೆ. ಆ್ಯಂಬುಲೆನ್ಸನ್ನೂ ಅನುಮತಿಯಿರುವ ಕೆಲವೇ ಬಸ್ಸುಗಳನ್ನೂ ತಡೆದು ನೋಡಿ ಬಿಡುವ ಸಿಬ್ಬಂದಿಗೆ ಶಾಸ್ತ್ರದಲ್ಲಿ ಮಿಡ್ಲ್‌ವೇರ್ ಎನ್ನುತ್ತಾರೆ. ಒಂಬತ್ತೂ ಐದಕ್ಕೆ ಬಂದ ಲಾರಿಯವನು ಎಷ್ಟು ಹಾರ್ನ್ ಹೊಡೆದರೂ ಗೇಟು ತೆರೆಯುವುದಿಲ್ಲ. ಹಾರ್ನ್ ಆಕ್ಷನ್ ಅಲ್ಲ.

ಆದರೆ ಮೊದಲ ಸೂತ್ರವನ್ನು ಅಕ್ಷರಶಃ ಹಿಡಿದು ಎಲ್ಲವನ್ನೂ ಒಂದೇ ಸ್ಟೋರ್‌ಗೆ ತುರುಕುವುದೂ ದೋಷವೇ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಯಾವ ಟೇಬಲ್ಲಿಗೆ ಎಷ್ಟು ಟೀ ಎಂಬುದನ್ನು ವಿಧಾನಸೌಧಕ್ಕೆ ತಿಳಿಸಬೇಕಿಲ್ಲ. ಇಂಥ ಸ್ಥಳೀಯ ಸ್ಟೇಟನ್ನು ಪುಟದ ಆಯಾ ಬಿಡಿಭಾಗ, ಅಂದರೆ ಕಾಂಪೊನೆಂಟೇ ಇಟ್ಟುಕೊಳ್ಳಬೇಕು; ಫಂಕ್ಷನ್ ರೂಪದ ಕಾಂಪೊನೆಂಟುಗಳಿಗೂ ಇದು ಸಾಧ್ಯವಾಗಲೆಂದು ರಿಯಾಕ್ಟ್ ಲೈಬ್ರರಿ 2019ರಲ್ಲಿ ಹುಕ್ಸ್ ಒದಗಿಸಿತು.

ನಿರ್ಣಯ

ಬದಲಾವಣೆಗೆ ದಾಖಲೆ ಇಲ್ಲದ ಕಡೆ ಕೊನೆಗೆ ಹೋಗಿ ಬಂದ ಊರೇ ಅಪರಾಧಿಯಾಗುತ್ತದೆ. ಆಕ್ಷನ್‌ಗಳ ಲಾಗ್ ಓದಿದ ಮೇಲೆ ಚಾಮರಾಜನಗರ ದೋಷಮುಕ್ತ. ಮುಖ್ಯಮಂತ್ರಿಗಳು ಅಲ್ಲಿಗೆ ನಿಶ್ಚಿಂತೆಯಿಂದ ಹೋಗಿಬರಬಹುದು. ಚಿಂತೆಯನ್ನು ಬೆಂಗಳೂರಿಗೂ ದೆಹಲಿಗೂ ಮೀಸಲಿಡುವುದು ಶಾಸ್ತ್ರಸಮ್ಮತ.