ಕ್ರೇನ್ ಕಾಕಾ

ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರು ನಮ್ಮ ಕಡೆ ಓಣಿಗೊಬ್ಬರಾದರೂ ಸಿಗುತ್ತಾರೆ. ಬನಹಟ್ಟಿ, ಮುಧೋಳ, ಜಮಖಂಡಿ ಸುತ್ತ ಕಬ್ಬು ಬೆಳೆಯುವ ತನಕ ಈ ತಳಿಗೆ ಸಾವಿಲ್ಲ. ಕೆಲವರಿಗೆ ಬಾಯ್ಲರಿನ ಹುಚ್ಚು, ಕೆಲವರಿಗೆ ರಿಕವರಿಯ ಹುಚ್ಚು. ನಮ್ಮ ಓಣಿಯ ಕಾಕಾ ಅವರದು ಕ್ರೇನು. ಮಿಲ್ ಹೌಸಿನ ಛಾವಣಿಯ ಕೆಳಗೆ ಹಳಿ ಮೇಲೆ ಓಡುವ ಇಓಟಿ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ನೌಕರಿ ಮುಗಿಸಿದವರು. ಅಷ್ಟು ವರ್ಷ ಮೇಲಿನಿಂದ ಜನರ ನೆತ್ತಿಯನ್ನಷ್ಟೇ ಕಂಡದ್ದರಿಂದ, ಸಂತೆಯಲ್ಲಿ ಹಳೆಯ ಗೆಳೆಯ ಎದುರಾದರೆ ಮುಖ ನೋಡಿ ಗುರುತು ಹತ್ತುವುದಿಲ್ಲ. "ಸ್ವಲ್ಪ ಬಗ್ಗರಿ" ಅನ್ನುತ್ತಾರೆ. ಬಗ್ಗಿದ ಕೂಡಲೇ ಹೆಸರು, ಶಿಫ್ಟು, ಟೋಕನ್ ನಂಬರ್ ಎಲ್ಲಾ ನೆನಪಾಗುತ್ತದೆ.

ಭಾರ ಎತ್ತುವ ಯಂತ್ರದ ಮೇಲೆ ಅದು ಎಷ್ಟು ಎತ್ತಬಹುದು ಅಂತ ಎದ್ದು ಕಾಣುವಂತೆ ಬರೆದಿರಬೇಕು. ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ತಪಾಸಣೆ ಆಗಬೇಕು. 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನ ಮಾತು ಇದು. ಕಾಕಾ ಅವರ ಮನೆ ಕಾರ್ಖಾನೆ ಅಲ್ಲ ಅನ್ನುವುದು ಕಾಕಾ ಅವರಿಗೆ ಗೊತ್ತಿಲ್ಲ. ಜಂತಿಯ ಕೊಕ್ಕೆ, ಪಡಸಾಲೆಯ ತೂಗುಮಂಚ, ಅಟ್ಟದ ಹಲಗೆ, ಎಲ್ಲದರ ಮೇಲೂ ಸುಣ್ಣದಲ್ಲಿ ಕಿಲೋ ಬರೆದದ್ದಿದೆ. ತೂಗುಮಂಚದ ಮೇಲೆ ಕೂರಲು ಹೊರಟ ದಪ್ಪನೆಯ ಬೀಗರೊಬ್ಬರು ಆ ಅಂಕಿ ಓದಿ ಚಾಪೆ ಮೇಲೆ ಕೂತರು. ಬೀಗರ ಸಿಟ್ಟು ಇನ್ನೂ ಇಳಿದಿಲ್ಲ.

ಮೊಮ್ಮಗನಿಗೆ ಹೆಸರಿಡುವ ದಿನದ್ದು ಇದಕ್ಕಿಂತ ದೊಡ್ಡ ಪ್ರಸಂಗ. ಹೊಸ ಕ್ರೇನನ್ನು ಕೆಲಸಕ್ಕೆ ಹಚ್ಚುವ ಮೊದಲು ಅದರ ಮಿತಿಗಿಂತ ಕಾಲುಪಾಲು ಹೆಚ್ಚು ಭಾರ ಎತ್ತಿಸಿ ನೋಡಬೇಕು, ಅಂದರೆ 125 ಪ್ರತಿಶತ. ಕೂಸಿನ ತೂಕ ನಾಲ್ಕು ಕಿಲೋ. ಕಾಕಾ ತಕ್ಕಡಿಯಲ್ಲಿ ಐದು ಕಿಲೋ ಜೋಳ ತೂಗಿ, ಚೀಲ ಕಟ್ಟಿ, ತೊಟ್ಟಿಲಲ್ಲಿ ಮಲಗಿಸಿ ಗಡಿಯಾರ ನೋಡುತ್ತಾ ನಿಂತರು. ಮುತ್ತೈದೆಯರು ಸುತ್ತ ನಿಂತು ಕಾದರು. ಕಣ್ಣು ಮಂಜಾದ ಹಿರಿಯ ಅಜ್ಜಿಯೊಬ್ಬಳು ಕಾಯುವಷ್ಟು ಕಾದು, ಜೋಳಕ್ಕೇ ಜೋಗುಳ ಹಾಡಿ, ಕಿವಿಯೆಲ್ಲಿದೆ ಅಂತ ಹುಡುಕಿ, ಚೀಲದ ಗಂಟಿನಲ್ಲಿ ಮೂರು ಸಲ ಹೆಸರು ಹೇಳಿಬಿಟ್ಟಳು.

ಕಾಕಾ ಅವರನ್ನು ತಡೆಯಲು ಸಾಧ್ಯವಿರುವುದು ಕಾಕು ಒಬ್ಬರಿಗೇ, ಅದೂ ಕಾಕಾ ಕಲಿಸಿದ ವಿದ್ಯೆಯಿಂದಲೇ. ಕ್ರೇನ್ ಕೆಲಸದಲ್ಲಿ ಎತ್ತು, ಇಳಿಸು, ಸರಿಸು ಅಂತ ಸನ್ನೆ ಮಾಡುವವನು ಒಬ್ಬನೇ ಇರಬೇಕು, ಹತ್ತು ಮಂದಿ ಕೈ ಆಡಿಸಬಾರದು. ನಿಲ್ಲಿಸು ಅನ್ನುವ ಸನ್ನೆಗೆ ಮಾತ್ರ ಆ ಕಟ್ಟಿಲ್ಲ. ಕಸ ಗುಡಿಸುವವ ತೋರಿಸಿದರೂ ಆಪರೇಟರ್ ನಿಲ್ಲಿಸಲೇಬೇಕು. ಹೀಗಾಗಿ ಮದುವೆ ಮನೆಯಲ್ಲಿ ಕಾಕಾ ಹಂದರದ ಹಗ್ಗ ಹಿಡಿದು ಎಳೆ ತುಂಡಾದದ್ದನ್ನು ಎಣಿಸಲು ಶುರು ಮಾಡಿದರೆ, ಕಾಕು ದೂರದಿಂದಲೇ ಕೈ ಚಾಚಿ ಅಂಗೈ ಕೆಳಗೆ ಮಾಡಿ ಅಡ್ಡ ಆಡಿಸುತ್ತಾರೆ. ಕಾಕಾ ಅಲ್ಲೇ ಗಪ್ಪು.

ಈಗೀಗ ಪಾಪ ಅವರಿಗೆ ಸಮಾಧಾನವಿಲ್ಲ. ಬಾಯಿಪಾಠ ಮಾಡಿದ್ದೆಲ್ಲಾ ಬದಲಾಗುತ್ತಾ ಹೋಯಿತು. ಹಳಿಯ ಹತ್ತಿರ ಯಾರಾದರೂ ಕೆಲಸ ಮಾಡುತ್ತಿದ್ದರೆ ಕ್ರೇನು ಅವರಿಂದ ಇಪ್ಪತ್ತು ಫೂಟಿನೊಳಗೆ ಬರಬಾರದು ಅಂತ ಮೊದಲು ಕಾಯ್ದೆಯಲ್ಲಿತ್ತು. ಆಮೇಲೆ ಅದನ್ನು ಆರು ಮೀಟರ್ ಮಾಡಿದರು.

"ಇಪ್ಪತ್ತು ಫೂಟಿಗೆ ಆರು ಮೀಟರ್ ಆಗಿ ಮ್ಯಾಲ ಹತ್ತು ಸೆಂಟಿಮೀಟರ್‌ಗೆ ಚೂರು ಕಮ್ಮಿ ಉಳೀತೈತಿ ತಮ್ಮಾ. ಅದನ್ನ ಯಾರ ತಿಂದ್ರು?" ಅಂತ ಇವತ್ತಿಗೂ ಕೇಳುತ್ತಾರೆ. ಕ್ರೇನುಗಳ ಭಾರತೀಯ ಮಾನಕ ಐಎಸ್ 3177, 1999ರದ್ದು ಹೋಗಿ 2020ರದ್ದು ಬಂತು. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಕಾರ್ಖಾನೆ ಕಾಯ್ದೆಯೇ ಮೂಲೆ ಸೇರಿತು. 29ನೇ ಕಲಮು ಹೋದ ದಿನ ಕಾಕಾ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಅಮೆರಿಕದ ಕಾರ್ಖಾನೆಗಳ ಕ್ರೇನ್ ಕಾನೂನು ಇವತ್ತಿಗೂ 1967ರ ಪುಸ್ತಕವನ್ನೇ ಹಿಡಿದುಕೊಂಡು ಕೂತಿದೆ, ಆ ಪುಸ್ತಕ ಆಮೇಲೆ ಎಷ್ಟೋ ಸಲ ಪರಿಷ್ಕರಣೆ ಆಗಿದ್ದರೂ, ಅಂತ ಮಗ ಹೇಳಿದ ಮೇಲೆ ಎದ್ದು ಕೈ ತೊಳೆದರು. "ಶಾಣ್ಯಾ ಮಂದಿ" ಅಂದರು.

ನಮ್ಮ ಓಣಿಯ ನೇಕಾರರಿಗೆ ಇದರಿಂದೇನು ಅನ್ನಬೇಡಿ. 2024ರ ಆಗಸ್ಟಿನಲ್ಲಿ ಕೇಂದ್ರದ ಭಾರಿ ಕೈಗಾರಿಕೆ ಸಚಿವಾಲಯ ಯಂತ್ರಗಳ ಸುರಕ್ಷತೆಗೆ ಒಂದು ಆದೇಶ ಹೊರಡಿಸಿತಲ್ಲ, ಅದರ ಪಟ್ಟಿಯಲ್ಲಿ ಕ್ರೇನಿನ ಜೊತೆ ಮಗ್ಗವೂ ಇತ್ತು. ಸುದ್ದಿ ಬಂದದ್ದೇ ತಡ, ಪವರ್‌ಲೂಮಿನವರು ಕಾಕಾ ಅವರ ಕಟ್ಟೆಗೆ ಬಂದರು. "ನಮ್ಮ ಮಗ್ಗಾ ಬಂದ್ ಮಾಡಸ್ತಾರೇನ್ರೀ?" ಕಾಕಾ ಕನ್ನಡಕ ಏರಿಸಿ, ಇದು ಹೊಸ ಯಂತ್ರ ಮಾಡಿ ಮಾರುವವರಿಗೆ, ಹೊರದೇಶದಿಂದ ತರಿಸುವವರಿಗೆ, ನಿಮ್ಮ ಅಜ್ಜನ ಕಾಲದ ಮಗ್ಗಕ್ಕೆ ಯಾವ ಭೀತಿಯೂ ಇಲ್ಲ ಅಂದರು. ಜಾರಿ ದಿನವೂ ಒಂದು ವರ್ಷ ಮುಂದೆ ಹೋಯಿತು. ಮುಂದೆ ಹೋದದ್ದಕ್ಕೆ ಕಾಕಾ ಅವರೇ ಕಾರಣ ಅಂತ ಓಣಿಯಲ್ಲಿ ಸುದ್ದಿ. ಅವರೂ ಅಲ್ಲ ಅನ್ನಲಿಲ್ಲ.

ಅಂದಿನಿಂದ ಪಂಚಾಯ್ತಿಗೂ ಅವರನ್ನು ಕರೆಯುತ್ತಾರೆ. ಮೊನ್ನೆ ಅಣ್ಣತಮ್ಮಂದಿರಿಬ್ಬರು ಬೇರೆಯಾಗಲು ಹೊರಟಿದ್ದರು. ಮಗ್ಗಗಳ ಹಂಚಿಕೆ ಮುಗಿದಿತ್ತು; ಸೊಸೈಟಿ ಸಾಲ, ಅವ್ವನ ಔಷಧದ ಖರ್ಚು ಯಾರ ಪಾಲಿಗೆ ಅನ್ನುವಲ್ಲಿ ಗಾಡಿ ನಿಂತಿತ್ತು. ಕಾಕಾ ಮಾತಾಡಲಿಲ್ಲ. ನೀರು ತುಂಬಿದ ಹಿತ್ತಾಳೆ ಕೊಡ ತರಿಸಿ, ಹಗ್ಗದ ನಡುವೆ ಅದನ್ನು ಕಟ್ಟಿ, ಇಬ್ಬರ ಕೈಗೂ ಒಂದೊಂದು ತುದಿ ಕೊಟ್ಟರು. "ಬಾಜೂಕ ನಿಂದರ್ರಿ. ಹಗರ ಐತಿಲ್ಲೋ? ಅರ್ಧರ್ಧಾ ಭಾರ. ಈಗ ದೂರ ಸರೀರಿ."

ಸರಿದರು. ಹಗ್ಗ ಬಿಗಿಯಿತು. "ಇನ್ನಷ್ಟ ಸರೀರಿ. ಹಗ್ಗದ ನಡುವಿನ ಕೋನ ನೂರಾ ಇಪ್ಪತ್ತು ಡಿಗ್ರಿಗೆ ಬಂತಂದ್ರ ಒಬ್ಬೊಬ್ಬನ ಮ್ಯಾಲೂ ಪೂರ್ತಿ ಕೊಡದ ಭಾರ ಬೀಳತೈತಿ. ಇದು ಸ್ಲಿಂಗಿನ ಲೆಕ್ಕ." ಇಬ್ಬರ ತೋಳೂ ನಡುಗತೊಡಗಿದವು. ಕೊಡ ವಾಲಿ ತಮ್ಮನ ಧೋತರ ಒದ್ದೆಯಾಯಿತು.

"ಇದ ಹಗ್ಗದ್ದಾತು," ಅಂದರು ಕಾಕಾ, ಗೋಡೆಗೆ ಆರಾಮಾಗಿ ಒರಗುತ್ತಾ. "ಇನ್ನ ಕೊಕ್ಕಿದ್ದ ಹೇಳ್ತೀನಿ, ಕೂಡ್ರಿ. ಅದರಾಗ ಹನ್ನೆರಡ ಮುದ್ದಾ ಅದಾವು."

"ಬ್ಯಾಡ್ರೀ ಕಾಕಾ," ಅಂದ ಅಣ್ಣ, ಹಗ್ಗ ಬಿಡದೆ ತಮ್ಮನ ಹತ್ತಿರ ಸರಿಯುತ್ತಾ. "ನಾವು ಕೂಡೇ ಇರ್ತೀವಿ."