ಎಳೆಯುವವರನ್ನು ಒಯ್ಯುವ ಗಾಡಿ

ಲೋಕದಲ್ಲಿ ಕೊಳ್ಳುವವರದು ಒಂದು ಜಾತಿ, ಆರಿಸುವವರದು ಮತ್ತೊಂದು. ಕೊಳ್ಳುವವನು ಅಂಗಡಿಗೆ ಹೋಗಿ, ಬೆಲೆ ಕೇಳಿ, ಮುಖ ಸಿಂಡರಿಸಿ, ಹಣವೆಣಿಸಿಕೊಟ್ಟು, ವಸ್ತುವಿನೊಡನೆ ಮನೆಗೆ ಮರಳಿ, ಅಲ್ಲಿಗೆ ಆ ವಿಷಯದಲ್ಲಿ ತನಗೆ ಪ್ರಾಪ್ತವಾಗಬಹುದಾಗಿದ್ದ ಸಮಸ್ತ ಸುಖವನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡುಬಿಡುತ್ತಾನೆ. ಆರಿಸುವವನ ಆನಂದಕ್ಕೆ ಇಂಥ ಅಂತ್ಯವಿಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಐದೂರುಗಳ ನಡುವಣ ಸೀಮೆಯಲ್ಲಿ ಈ ಎರಡನೆಯ ಜಾತಿಯ ಮಹನೀಯರು ವಿಪುಲವಾಗಿದ್ದಾರೆ. ಅವರಲ್ಲಿಯೂ ಅಗ್ರಪೂಜೆಗೆ ಅರ್ಹರಾದವರು, ಸ್ಪರ್ಧೆಯ ಎತ್ತುಗಳನ್ನು ಸಾಕಿ, ಅವನ್ನು ಸ್ಪರ್ಧೆಯ ಬಯಲಿಗೆ ಒಯ್ಯಲು ಯೋಗ್ಯವಾದ ವಾಹನ ಯಾವುದೆಂಬ ಜಿಜ್ಞಾಸೆಯಲ್ಲಿ ಆಯುಷ್ಯದ ಉತ್ತರಾರ್ಧವನ್ನು ಸವೆಸುತ್ತಿರುವ ನಮ್ಮ ಗೌಡರು. ಅವರದು ಈ ಐದರಲ್ಲಿ ಯಾವ ಊರೆಂಬುದನ್ನು ನಾನು ಹೇಳಲಾರೆ. ಒಂದನ್ನು ಹೆಸರಿಸಿದೆನಾದರೆ, ಉಳಿದ ನಾಲ್ಕು ಊರಿನವರು ತಮ್ಮ ಗೌಡರನ್ನು ಕಡೆಗಣಿಸಿದೆನೆಂದು ಮುನಿದಾರು.

ಎತ್ತಿಗೆ ವಾಹನವೇತಕ್ಕೆಂದು ಪಟ್ಟಣವಾಸಿಗಳು ಕೇಳಬಹುದು. ಕಾರಹುಣ್ಣಿಮೆಯ ವೇಳೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್, ಎರಡು ಟನ್ ತೂಕದ ಕಲ್ಲುಗಳನ್ನು ಜೋಡೆತ್ತುಗಳು ಎಳೆಯುವುದುಂಟು. ಅಷ್ಟು ಭಾರವನ್ನೆಳೆಯುವ ಪ್ರಾಣಿಯು ಸೇಡಮಿನಿಂದ ಯಾದಗಿರಿಯ ಮೇಲೆ, ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿ, ಡಾಂಬರಿನ ಮೇಲೆ ಗೊರಸು ಸವೆಸಿಕೊಂಡು ನಡೆದು ಹೋಯಿತೆಂದರೆ, ಬಯಲು ಸೇರುವ ಹೊತ್ತಿಗೆ ಕಲ್ಲಿರಲಿ, ತನ್ನ ಬಾಲವನ್ನೂ ಎಳೆಯಲಾರದು. ಆದುದರಿಂದ ಎಳೆಯುವವರನ್ನು ಹೊತ್ತೊಯ್ಯುವ ಮತ್ತೊಬ್ಬ ಎಳೆಯುವವನು ಬೇಕಾಗುತ್ತಾನೆ. ಬೆಂಗಳೂರಿನಲ್ಲಿ ಎಂಜಿನಿಯರನಾದ ಗೌಡರ ಅಣ್ಣನ ಮಗನು ಒಮ್ಮೆ ಊರಿಗೆ ಬಂದಾಗ, 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟಿನಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯವನ್ನು ವರ್ಣಿಸುತ್ತ, ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮಿಗಿಲಾಗಿ ಧಾವಿಸುವ ಆ ಕಾರುಗಳು ದೇಶದಿಂದ ದೇಶಕ್ಕೆ ತಾವಾಗಿ ಓಡದೆ ವಿಮಾನದ ಹೊಟ್ಟೆಯಲ್ಲಿ ಕುಳಿತು ಬರುವುವೆಂದು ತಿಳಿಸಿದನು. ಗೌಡರು ಬಹಳ ಹೊತ್ತು ಮೌನವಾಗಿದ್ದು, “ಅವಕ್ಕೂ ಗೊರಸು ಸವೀತಾವೇನು?” ಎಂದರು. ಸವೆಯುತ್ತವೆ ಕಾಕಾ, ಟೈರು, ಎಂದು ಅವನು ಉತ್ತರಿಸಿದ ಕ್ಷಣದಿಂದ ಗೌಡರಿಗೆ ತಮ್ಮ ಚಿಂತೆಯು ಏಕಾಕಿಯಲ್ಲವೆಂಬ ಗಾಂಭೀರ್ಯ ಬಂದಿತು.

ಅವರ ಪರೀಕ್ಷೆಗೆ ಮೊದಲು ಒಳಗಾದುದು 2005ರಲ್ಲಿ ಮಾರುಕಟ್ಟೆಗೆ ಬಂದು, ಛೋಟಾ ಹಾಥಿಯೆಂಬ ಬಿರುದನ್ನು ಗಳಿಸಿದ ಟಾಟಾ ಏಸ್. ಅದರ ಹಲಗೆ ನೆಲಕ್ಕೆ ಸಮೀಪ, ಎತ್ತು ಹತ್ತುವುದು ಸುಲಭ, ಬೆಲೆಯೂ ಸಹ್ಯ. ಆದರೆ ಅದು ಹೊರತಕ್ಕ ಭಾರ ಸುಮಾರು ಮುಕ್ಕಾಲು ಟನ್ನೆಂದು ಕೇಳಿ, ಗೌಡರು ತಮ್ಮ ಜೋಡಿಯನ್ನು ಹೊಡೆದುಕೊಂಡು, ಸಿಮೆಂಟಿನ ಲಾರಿಗಳು ಸಾಲುಗಟ್ಟಿ ನಿಂತಿದ್ದ ಕಾಟಾದ ಬಳಿಗೆ ಹೋಗಿ ತಾವೂ ಸಾಲಿನಲ್ಲಿ ನಿಂತರು. ಮುಂದೆ ಒಂದು ಟ್ಯಾಂಕರು, ಹಿಂದೆ ಒಂದು ಹದಿನಾಲ್ಕು ಗಾಲಿಯ ಲಾರಿ, ನಡುವೆ ಕೊಂಬಿಗೆ ಗೊಂಡೆ ಕಟ್ಟಿದ ಎರಡು ಬಿಳಿಯ ಎತ್ತುಗಳು. ಕಾಟಾದ ಗುಮಾಸ್ತನು ಚೀಟಿಯಲ್ಲಿ ಗಾಡಿಯ ನಂಬರೇನೆಂದು ಬರೆಯಲಿ ಎಂದು ಕೇಳಲು, ಗೌಡರು ಎತ್ತುಗಳ ಹೆಸರು ಬರೆಯಿಸಿದರು. ತೂಕವು ಒಂದು ಟನ್ನನ್ನು ಮೀರಿತು. ಛೋಟಾ ಹಾಥಿ ಅಲ್ಲಿಗೆ ತಿರಸ್ಕೃತವಾಯಿತು. ಆ ಚೀಟಿ ಮಾತ್ರ ಇಂದಿಗೂ ಅವರ ಅಂಗಿಯ ಕಿಸೆಯಲ್ಲಿದೆ.

ಆನಂತರದ ಸರದಿ ಬೊಲೆರೊ ಪಿಕಪ್ಪಿನದು. ತೂಕದಲ್ಲಿ ಅದಕ್ಕೆ ಆಕ್ಷೇಪವಿರಲಿಲ್ಲವಾಗಿ, ಗೌಡರು ಅದರ ಧೃತಿಯನ್ನರಿಯಲು ಎತ್ತುಗಳಷ್ಟೇ ತೂಕದ ಶಹಾಬಾದಿ ಫರಸಿಯನ್ನು ಹೇರಿಸಿ, ಚಿಂಚೋಳಿಯ ಕಾಡಿನ ಏರುದಾರಿಯಲ್ಲಿ ಓಡಿಸಿ ನೋಡಿದರು. ವಾಹನವು ಗೊಣಗದೆ ಏರಿತು, ಗೊಣಗದೆ ಇಳಿಯಿತು. ಮಾಲೀಕನು ಮೀಸೆ ತಿರುವಿ ನಗುತ್ತಿರಲು, ಗೌಡರು ತಲೆಯಲ್ಲಾಡಿಸಿ, “ಕಲ್ಲು ನಿಂತಲ್ಲೇ ನಿಂದರ್ತದ ತಮ್ಮಾ, ಎತ್ತು ನಿಂದರಂಗಿಲ್ಲ” ಎಂದುಬಿಟ್ಟರು. ನಕ್ಕವರು ನಗಲಿ, ಈ ಮಾತಿನಲ್ಲಿ ಸತ್ಯವುಂಟು. ಜಡಭಾರವು ಹಗ್ಗ ಬಿಗಿದ ಜಾಗದಲ್ಲಿ ಬಿದ್ದಿರುವುದು. ಸಜೀವಭಾರವಾದರೋ ಪ್ರತಿಯೊಂದು ತಿರುವಿನಲ್ಲಿಯೂ ಒಂದು ಕಾಲಿನಿಂದ ಇನ್ನೊಂದಕ್ಕೆ ತನ್ನ ತೂಕವನ್ನು ಸಾಗಿಸುತ್ತ, ಚಾಲಕನು ಬ್ರೇಕಿನ ಮೇಲೆ ಕಾಲಿಟ್ಟ ಕೂಡಲೆ ಕ್ಯಾಬಿನ್ನಿನತ್ತ ಮುಗ್ಗರಿಸುವುದು. ಎತ್ತಿನ ಮೊಣಕಾಲು ಕೆಡುವುದು ದಾರಿಯ ಗುಂಡಿಗಿಂತ ಹೆಚ್ಚಾಗಿ ಚಾಲಕನ ಬಲಗಾಲಿನಿಂದ. ಅದನ್ನು ಯಾವ ಕಂಪನಿಯೂ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ.

ಇದನ್ನು ಮನಗಂಡ ಗೌಡರು ತಂಬಿಗೆಯ ಪರೀಕ್ಷೆಯನ್ನು ಆವಿಷ್ಕರಿಸಿದರು. ಗಾಡಿಯ ಹಲಗೆಯ ನಟ್ಟನಡುವೆ ಕಂಠಮಟ್ಟ ನೀರು ತುಂಬಿದ ಹಿತ್ತಾಳೆಯ ತಂಬಿಗೆಯೊಂದನ್ನಿಟ್ಟು, ವಾಡಿಯ ದಾರಿಯಲ್ಲಿ ರೈಲ್ವೆ ಗೇಟಿನ ಹಳಿಗಳ ಮೇಲೆ ದಾಟಿಸಿ, ಉಳಿದ ನೀರನ್ನು ಬೆರಳಿನಿಂದ ಅಳೆಯುವುದೇ ಆ ವಿಧಾನ. ಟ್ರ್ಯಾಕ್ಟರಿನ ಟ್ರ್ಯಾಲಿಯಲ್ಲಿ ನೀರಷ್ಟೇ ಅಲ್ಲ, ತಂಬಿಗೆಯೂ ಉಳಿಯಲಿಲ್ಲ. ಕುಲುಕನ್ನು ತಡೆಯುವ ಪಟ್ಟಿಯೂ ಇಲ್ಲದ, ತನ್ನದೇ ಬ್ರೇಕೂ ಇಲ್ಲದ, ಇಳಿಜಾರಿನಲ್ಲಿ ಎಳೆಯುವವನನ್ನೇ ಹಿಂದಿನಿಂದ ನೂಕುವ ಆ ಟ್ರ್ಯಾಲಿಯ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. 1986ರಿಂದ ನಮ್ಮ ರಸ್ತೆಗಳಲ್ಲಿ ಸಂಚರಿಸುತ್ತಿರುವ ಟಾಟಾ 407 ಅರ್ಧ ತಂಬಿಗೆಯನ್ನು ಉಳಿಸಿತು. ಆದರೆ ಅದರ ಹಲಗೆ ಎತ್ತರ. ಹೊಲದ ಒಡ್ಡಿಗೆ ಹಿಂಬದಿಯನ್ನು ಆನಿಸದ ಹೊರತು ಎತ್ತು ಹತ್ತುವಂತಿಲ್ಲ. ಇಲ್ಲಿಯ ಒಡ್ಡಿನಿಂದ ಹತ್ತಿಸಿದ್ದು ಸರಿ, ರಾಯಚೂರಿನಲ್ಲಿ ಇಳಿಸಲು ಒಡ್ಡನ್ನು ಎಲ್ಲಿಂದ ತರುವುದು? ಒಡ್ಡನ್ನು ಒಯ್ಯಲು ಮತ್ತೊಂದು ಗಾಡಿ ಬೇಕಲ್ಲವೆ ಎಂದು ಯಾರೋ ಪರಿಹಾಸ್ಯಕ್ಕೆ ಅಂದದ್ದನ್ನು ಗೌಡರು ಒಂದು ವಾರ ಗಂಭೀರವಾಗಿ ಪರ್ಯಾಲೋಚಿಸಿದರು.

ಕಾನೂನನ್ನು ಸಹ ಅವರು ಬಿಡಲಿಲ್ಲ. 1978ರ ಪ್ರಾಣಿಸಾಗಣೆ ನಿಯಮಗಳಲ್ಲಿ ಒಂದು ಸರಕುಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನಗಳಿರಬಾರದೆಂದೂ, ಜೊತೆಗೆ ಬೇರೆ ಸರಕು ಸಲ್ಲದೆಂದೂ, ದನಗಳು ಬೆದರದಂತೆ ಅವುಗಳ ಮುಖ ಎಂಜಿನ್ನಿನ ಕಡೆಗಿರುವುದು ಲೇಸೆಂದೂ ಹೇಳಿದೆಯೆಂದು ವಕೀಲರೊಬ್ಬರಿಂದ ತಿಳಿದು, ದಾರಿಯ ಮೇವಿಗೆಂದು ಹಾಕುವ ಜೋಳದ ಕಣಕಿ ಸರಕೋ ಅಲ್ಲವೋ ಎಂಬ ಸೂಕ್ಷ್ಮಪ್ರಶ್ನೆಯಿಂದ ಆ ವಕೀಲರನ್ನು ಒಂದು ಸಂಜೆ ಪೂರ್ತಿ ಪೀಡಿಸಿದರು. ಗೌಡರ ಪರಮಸುಖದ ಕಾಲವೆಂದರೆ, 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನ ಬಂಡಿಯ ಓಟಗಳನ್ನು ನಿಷೇಧಿಸಿದ್ದು ಮೊದಲ್ಗೊಂಡು, ಎತ್ತಿನ ಓಟಗಳಿಗೆ ಮತ್ತೆ ಎಡೆಗೊಡಲು ಕರ್ನಾಟಕವು ತಂದ ತಿದ್ದುಪಡಿಯನ್ನು 2023ರ ಮೇ 18ರಂದು ಸಂವಿಧಾನಪೀಠವು ಎತ್ತಿಹಿಡಿದವರೆಗಿನ ಅವಧಿ. ಉಳಿದ ಎತ್ತಿನವರು ಮುಂದೇನು ಗತಿಯೆಂದು ಕಳವಳಗೊಂಡಿದ್ದಾಗ ಇವರು ಮಾತ್ರ ಪ್ರಸನ್ನಚಿತ್ತರಾಗಿದ್ದರು. ಹೋಗಬೇಕಾದ ದಿನ ಗೊತ್ತಿಲ್ಲದಿರುವಾಗ ಆರಿಸಲು ಅವಸರವೇನು?

ಒಂದು ರಾತ್ರಿ ಗೌಡಸಾನಿಯವರು ರೊಟ್ಟಿ ಬಡಿಸುತ್ತ, “ನನ್ನ ನೋಡ್ಲಾಕ ಬಂದಾಗ ಒಂದು ತಾಸಿನಾಗೇ ಹೂಂ ಅಂದಿದ್ರಿ, ಈ ಗಾಡಿದಾಗ ಅಂಥಾದ್ದೇನದ?” ಎಂದು ಕೇಳಿದರಂತೆ. “ಅವಾಗ ಆರಿಸಿದಾವ ನಮ್ಮಪ್ಪ, ನಾ ಎಲ್ಲಿ ಆರಿಸಿದ್ದೆ” ಎಂದು ಉತ್ತರಿಸಿ ಗೌಡರು ಮತ್ತೊಂದು ರೊಟ್ಟಿ ನೀಡಿಸಿಕೊಂಡರು.

ಕಡೆಗೂ ಒಂದು ವರ್ಷ ರಾಯಚೂರಿಗೆ ಹೋಗಲೇಬೇಕಾಗಿ ಬಂದಿತು. ಕಾಟಾದ ಚೀಟಿ, ತಂಬಿಗೆ, ನಿಯಮಾವಳಿ ಎಲ್ಲವೂ ಸಿದ್ಧವಿದ್ದು ವಾಹನವೊಂದು ಮಾತ್ರ ಇರಲಿಲ್ಲವಾಗಿ, ನೆರೆಮನೆಯವನು ತೊಗರಿಯ ವ್ಯಾಪಾರಿಯೊಬ್ಬನ ಹಳೆಯ 407ನ್ನು ಹಿಂದಿನ ಸಂಜೆ ಬಾಡಿಗೆಗೆ ಹಿಡಿದು ತಂದನು. ಒಡ್ಡಿಗೆ ಆನಿಸಿ ನಿಲ್ಲಿಸಿದ ಅದನ್ನು ಎತ್ತುಗಳು ಒಮ್ಮೆ ಮೂಸಿ, ಹಲಗೆಯ ಮೇಲುಳಿದಿದ್ದ ತೊಗರಿಯ ಹೊಟ್ಟನ್ನು ಕಂಡು, ಯಾವ ಜಿಜ್ಞಾಸೆಯೂ ಇಲ್ಲದೆ ಹತ್ತಿಬಿಟ್ಟವು. ಗೌಡರು ಕ್ಯಾಬಿನ್ನಿನಲ್ಲಿ ಕೂರದೆ ದಾರಿಯುದ್ದಕ್ಕೂ ಅವುಗಳ ನಡುವೆ ನಿಂತೇ ಹೋದರು. ರಾಯಚೂರಿನ ಬಯಲಿನ ಹಿಂಭಾಗದಲ್ಲಿ, ಆಂಧ್ರ ತೆಲಂಗಾಣಗಳಿಂದ ಬಂದ ಎತ್ತುಗಳ ಗಾಡಿಗಳು ಒಂದರ ಪಕ್ಕದಲ್ಲೊಂದು ನಿಂತಿದ್ದುವು. ಕೆಲವಕ್ಕೆ ಒಳಗೋಡೆಯ ಸುತ್ತ ಮೆತ್ತೆ, ಕೆಲವಕ್ಕೆ ರಬ್ಬರಿನ ಹಾಸು, ಒಂದಕ್ಕಂತೂ ಇಳಿಸಿದರೆ ಜಾರುದಾರಿಯಾಗುವ ಹಿಂಬಾಗಿಲು. ಗೌಡರು ಒಂದೊಂದನ್ನೂ ಸುತ್ತಿ, ಬಗ್ಗಿ, ಬಡಿದು, ಅದರ ಚಾಲಕನನ್ನು ಎಬ್ಬಿಸಿ ವಿಚಾರಿಸುತ್ತಿರುವಷ್ಟರಲ್ಲಿ, ಬಯಲಿನಲ್ಲಿ ಅವರ ಎತ್ತುಗಳ ಸರದಿ ಬಂದು, ನೆರೆಮನೆಯವನೇ ಹೊಡೆದು, ಕಲ್ಲು ಸಾಕಷ್ಟು ದೂರ ಸಾಗಿ, ಜನರ ಕೇಕೆಯೂ ಅಡಗಿತು. ಬಹುಮಾನ ಬರಲಿಲ್ಲ. ಮರಳುವಾಗ ಗೌಡರು ಆ ಹಿಂಬಾಗಿಲಿನ ತಿರುಗಣಿಯ ವಿಷಯವನ್ನಲ್ಲದೆ ಬೇರೇನನ್ನೂ ಮಾತಾಡಲಿಲ್ಲ.

ಅಲ್ಲಿಂದೀಚೆಗೆ ಅವರ ಕೀರ್ತಿಯು ಮಳಖೇಡದ ಆಚೆಗೂ ಹಬ್ಬಿ, ಎತ್ತಿಗೆ ಗಾಡಿ ಕೊಳ್ಳುವವರೆಲ್ಲರೂ ಮೊದಲು ಅವರ ಕಟ್ಟೆಗೆ ಬಂದು ಕೂಡುವುದು ರೂಢಿಯಾಗಿದೆ. ಮೊನ್ನೆ ಚಿತ್ತಾಪುರದ ಕಡೆಯ ಹುಡುಗನೊಬ್ಬ, ಹೊಲ ಮಾರಿದ ರೊಕ್ಕವನ್ನು ಬ್ಯಾಂಕಿನಲ್ಲಿಟ್ಟುಕೊಂಡವನು, ಬಂದು ಕೈಮುಗಿದು, “ಮುತ್ಯಾ, ಯಾವ ಗಾಡಿ ತಗೊಳ್ಳಲಿ?” ಎಂದು ಕೇಳಿದನು.

“ಎತ್ತು ಎಷ್ಟು ತೂಕ ಅವ?”

“ಎತ್ತು ಇನ್ನಾ ತಂದಿಲ್ಲರಿ.”

ಗೌಡರ ಮುಖವು ಅರಳಿತು. “ಹಂಗಾದ್ರ ಭಾಳ ಛಲೋ ಆಯ್ತು, ಗಡಿಬಿಡಿ ಇಲ್ಲ” ಎಂದವರೇ, ಒಳಗಿನಿಂದ ತಂಬಿಗೆಯನ್ನು ತರಿಸಿದರು.