ಡಿಸ್‌ಪ್ಲೇ ಬರ್ತಿದೆಯಲ್ಲಾ ಸಾರ್!

"ಡಿಸ್‌ಪ್ಲೇ ಬರ್ತಿದೆಯಲ್ಲಾ ಸಾರ್!" ಎಂದು ಎದುರಿಗಿದ್ದ ಹುಡುಗ ಹೇಳಿಬಿಟ್ಟರೆ ವಾದ ಮುಗಿದ ಹಾಗೇ. ಮೇಜಿನ ಮೇಲೆ ಬೋರ್ಡಿದೆ, ಬೋರ್ಡಿಗೆ ಮಾನಿಟರ್ ಸಿಕ್ಕಿಸಿದೆ, ಮಾನಿಟರಿನ ಎಡಮೂಲೆಯಲ್ಲಿ ಲಿನಕ್ಸಿನ ಪೆಂಗ್ವಿನ್ ಹೊಟ್ಟೆ ಬಿಟ್ಟುಕೊಂಡು ಕೂತಿದೆ. ಕಣ್ಣೆದುರಿನ ಪೆಂಗ್ವಿನ್ನನ್ನು ಮಾಯೆ ಎನ್ನಲು ನಾನೇನು ಶಂಕರಾಚಾರ್ಯರೇ? ಆದರೂ ಅವನು ಬರೆದ ಡ್ರೈವರ್ ಕೋಡಿಗೆ ನಾನು ತಲೆಯಾಡಿಸುವುದಿಲ್ಲ. ಬೆಂಗಳೂರಿನ ಈ ಆಫೀಸಿನಲ್ಲಿ ಲಿನಕ್ಸ್ ಕರ್ನಲ್ಲಿನ ಡಿಸ್‌ಪ್ಲೇ ಬ್ರಿಡ್ಜ್ ಡ್ರೈವರ್‌ಗಳನ್ನು ರಿವ್ಯೂ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆಂದೂ ಗೊತ್ತು. ಆಡಿಕೊಳ್ಳಲಿ. ಪರದೆಯ ಮೇಲೆ ಚಿತ್ರ ಬಂತು ಎನ್ನುವುದು ಡ್ರೈವರ್ ಸರಿಯಾಗಿದೆ ಎನ್ನುವುದಕ್ಕೆ ತೀರಾ ದುರ್ಬಲ ಸಾಕ್ಷಿ.

ಈ ಬ್ರಿಡ್ಜ್ ಏನು ಮಾಡುತ್ತದೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೊಬೈಲು, ಟ್ಯಾಬ್ಲೆಟ್ಟುಗಳಿಗೆಂದು ಮಾಡಿದ ಪ್ರೊಸೆಸರ್ ಚಿತ್ರವನ್ನು ಡಿಎಸ್‌ಐ ತಂತಿಗಳ ಮೇಲೆ ಹೊರಗೆ ಕಳಿಸುತ್ತದೆ. ಮನೆಯ ಟೀವಿಗೆ ಬೇಕಾದದ್ದು ಎಚ್‌ಡಿಎಂಐ, ಲ್ಯಾಪ್‌ಟಾಪ್ ಪ್ಯಾನೆಲ್ಲಿಗೆ ಇಡಿಪಿ, ಕಾರ್ಖಾನೆಯ ಯಂತ್ರಕ್ಕೆ ಅಂಟಿಸಿದ ಹಳೇ ಪ್ಯಾನೆಲ್ಲಿಗೆ ಎಲ್‌ವಿಡಿಎಸ್. ನಡುವೆ ಕಿರುಬೆರಳಿನ ಉಗುರಿನಷ್ಟು ಒಂದು ಚಿಪ್ ಕೂತು ಇವರದನ್ನು ಅವರಿಗೆ ಬದಲಿಸಿಕೊಡುತ್ತದೆ. ಆ ಚಿಪ್ಪಿಗೆ ಕರೆಂಟು ಕೊಟ್ಟು, ರಿಸೆಟ್ಟಿನಿಂದ ಎಬ್ಬಿಸಿ, ಐಟೂಸಿ ಎಂಬ ಎರಡು ತಂತಿಯ ಮೂಲಕ ಅದರ ರಿಜಿಸ್ಟರುಗಳಿಗೆ ಅಂಕಿ ಬರೆಯುವುದು ಡ್ರೈವರಿನ ಕೆಲಸ. 2013ರಿಂದ ಲಿನಕ್ಸಿನಲ್ಲಿ ಇದಕ್ಕೊಂದು ಪ್ರತ್ಯೇಕ ಚೌಕಟ್ಟೇ ಇದೆ.

ರಿವ್ಯೂ ಅಂದಕೂಡಲೇ ಜನ ಹಿಡಿಯುವುದು ಸೆರಗನ್ನಲ್ಲ, ಕುಚ್ಚನ್ನು. ಕರ್ನಲ್ಲಿನಲ್ಲಿ ಟ್ಯಾಬ್ ಎಂದರೆ 8 ಅಕ್ಷರದ ಅಗಲ. ಮೂರು ಹಂತಕ್ಕಿಂತ ಒಳಗೆ ಸರಿಯಬೇಕಾಗಿ ಬಂದರೆ ಪ್ರೋಗ್ರಾಮನ್ನೇ ತಿದ್ದಿಕೊಳ್ಳಿ ಎಂಬುದು ಲಿನಕ್ಸಿನ ಜನಕ ಟೊರ್ವಾಲ್ಡ್ಸ್ ಹಾಕಿಕೊಟ್ಟ ಕಟ್ಟಳೆ. ಸಾಲು 80 ಅಕ್ಷರ ದಾಟಬಾರದೆಂಬ ನೇಮವನ್ನು ತಪಾಸಣೆಯ ಸ್ಕ್ರಿಪ್ಟು 2020ರಲ್ಲಿ 100ಕ್ಕೆ ಸಡಿಲಿಸಿತು. ಮಡಿವಂತರು ಇನ್ನೂ 80ರಲ್ಲೇ ಇದ್ದಾರೆ. ಕಾಮೆಂಟಿನಲ್ಲಿ ಒಂದು ಕಾಗುಣಿತ ತಪ್ಪಲಿ, ನಾಲ್ವರು ನಾಲ್ಕು ಕಡೆಯಿಂದ ಓಡಿಬಂದು ತಿದ್ದುತ್ತಾರೆ. ಕರೆಂಟು ಕೊಡುವ ಕ್ರಮವೇ ತಲೆಕೆಳಗಾಗಿದ್ದರೆ ಒಬ್ಬರೂ ಸೊಲ್ಲೆತ್ತುವುದಿಲ್ಲ. ಏಕೆಂದರೆ ಅದಕ್ಕೆ ಚಿಪ್ ಮಾಡಿದವರು ಕೊಡುವ ಡೇಟಾಶೀಟ್ ಓದಬೇಕು.

ಡ್ರೈವರಿನ ನಟ್ಟನಡುವೆ ಒಂದು ಪಟ್ಟಿ ಬರುತ್ತದೆ. ಎಡಕ್ಕೆ ರಿಜಿಸ್ಟರಿನ ವಿಳಾಸ, ಬಲಕ್ಕೆ ಅದಕ್ಕೆ ಬರೆಯಬೇಕಾದ ಅಂಕಿ. ಹೆಸರಿಲ್ಲ, ವಿವರವಿಲ್ಲ, ಪುಟಗಟ್ಟಲೆ.

"ಇದೇನಪ್ಪಾ?"

"ಚಿಪ್ ಮಾಡಿದವರೇ ಕೊಟ್ಟ ಸೀಕ್ವೆನ್ಸ್ ಸಾರ್."

"ಡೇಟಾಶೀಟಿನಲ್ಲಿ ಈ ರಿಜಿಸ್ಟರು ರಿಸರ್ವ್ಡ್ ಅಂತಿದೆ. ಮುಟ್ಟಬೇಡಿ ಅಂದದ್ದಕ್ಕೇ ಬರೀತಿದೀಯಲ್ಲ?"

"ತೆಗೆದ್ರೆ ಡಿಸ್‌ಪ್ಲೇ ಬರಲ್ಲ ಸಾರ್."

ಪಟ್ಟಿಯ ಕೆಳಗೆ 100 ಮಿಲಿಸೆಕೆಂಡಿನ ನಿದ್ದೆ. ನೂರೇ ಏಕೆ? "50 ಇಟ್ರೆ ಒಂದೊಂದ್ಸಲ ಬರಲ್ಲ." ಹಾಗಾದರೆ 200 ಇಡಬಹುದಿತ್ತಲ್ಲ? "ಬೂಟ್ ನಿಧಾನ ಆಗುತ್ತೆ ಅಂತ ಮ್ಯಾನೇಜರ್ ಬೈದ್ರು." ವಿದ್ಯುಚ್ಛಾಸ್ತ್ರಕ್ಕೂ ಮ್ಯಾನೇಜರಿಗೂ ರಾಜಿಯಾಗಿ ಹುಟ್ಟಿದ ಸಂಖ್ಯೆ ಅದು. ಡೇಟಾಶೀಟ್ ತೆರೆದರೆ ಅಲ್ಲಿ ಕೇಳಿರುವುದು 10. ಆ ಹತ್ತು ಸಾಲದೆ ಹೋಗಿದೆ ಎಂದರೆ ಬೇರೆಲ್ಲೋ ಎಡವಟ್ಟಾಗಿದೆ ಎಂದರ್ಥ. ಅದನ್ನು ಹುಡುಕುವ ಬದಲು ಅದರ ಮೇಲೆ ನಿದ್ದೆಯ ಕಂಬಳಿ ಹೊದಿಸಿದ್ದಾರೆ.

ಎಡವಟ್ಟು ಸಾಮಾನ್ಯವಾಗಿ ಇರುವುದು ಯಾರು ಮೊದಲು, ಯಾರು ಆಮೇಲೆ ಎಂಬಲ್ಲಿ. ಡಿಎಸ್‌ಐಯನ್ನು ಎಲ್‌ವಿಡಿಎಸ್ ಮಾಡುವ ಎಸ್‌ಎನ್65ಡಿಎಸ್‌ಐ83 ಎಂಬ ಚಿಪ್ಪನ್ನೇ ನೋಡಿ. ತನ್ನನ್ನು ಎಬ್ಬಿಸುವ ಮೊದಲು ಡಿಎಸ್‌ಐ ತಂತಿಗಳೆಲ್ಲ ಎಲ್‌ಪಿ-11 ಎಂಬ ಸುಮ್ಮನಿರುವ ಸ್ಥಿತಿಯಲ್ಲಿರಬೇಕೆಂದು ಅದರ ಶರತ್ತು. ಅಂದರೆ ಪ್ರೊಸೆಸರ್ ಕಡೆಯವರು ಮೊದಲು ಸಿದ್ಧರಾಗಿ ನಿಂತಿರಬೇಕು. ಆದರೆ ಕರ್ನಲ್ಲಿನ ಚೌಕಟ್ಟು 'ಪ್ರಿ-ಎನೇಬಲ್' ಎಂಬ ತಯಾರಿಯ ಸುತ್ತನ್ನು ನಡೆಸುವುದೇ ಪ್ಯಾನೆಲ್ ತುದಿಯಿಂದ ಪ್ರೊಸೆಸರಿನ ಕಡೆಗೆ. ಚಿಪ್ ಎದ್ದು ನೋಡಿದರೆ ಎದುರಿಗೆ ಯಾರೂ ಇಲ್ಲ. ವರ್ಷಗಟ್ಟಲೆ ಒಬ್ಬೊಬ್ಬ ಡ್ರೈವರ್ ಬರೆಯುವವನೂ ಇದಕ್ಕೆ ತನಗೆ ತೋಚಿದ ತೇಪೆ ಹಾಕಿದ. 2023ರಲ್ಲಿ ಬಂದ 6.3ನೇ ಆವೃತ್ತಿಯಲ್ಲಿ, 'ನನಗಿಂತ ಮೊದಲು ಹಿಂದಿನವರನ್ನು ಎಬ್ಬಿಸಿ' ಎಂದು ಬ್ರಿಡ್ಜ್ ತಾನೇ ಹೇಳಿಕೊಳ್ಳಲು ಒಂದು ಬಾವುಟ ಸಿಕ್ಕಿತು. ಒಂದೇ ಸಾಲಿನ ಕೆಲಸ. ಈಗಲೂ ಆ ಸಾಲನ್ನು ಬಿಟ್ಟು 100 ಮಿಲಿಸೆಕೆಂಡು ಮಲಗುವವರಿದ್ದಾರೆ.

ಇದಕ್ಕಿಂತ ಸ್ವಾರಸ್ಯ ರಿಸೆಟ್ ಪಿನ್ನಿನದು. ಬಹಳಷ್ಟು ಚಿಪ್ಪುಗಳಲ್ಲಿ ಈ ತಂತಿ ಸೊನ್ನೆಗೆ ಇಳಿದರೆ ರಿಸೆಟ್. ಆ ತಿರುವುಮುರುವನ್ನು ಬೋರ್ಡಿನ ವಿವರ ಬರೆಯುವ ಡಿವೈಸ್ ಟ್ರೀಯಲ್ಲಿ 'ಆಕ್ಟಿವ್ ಲೋ' ಎಂದು ಬರೆದರೆ ಸಾಕು. ಡ್ರೈವರಿನಲ್ಲಿ 1 ಎಂದರೆ ರಿಸೆಟ್ ಮಾಡು, 0 ಎಂದರೆ ಬಿಡು; ತಿರುಗಿಸುವ ಕೆಲಸ ಕರ್ನಲ್ಲಿನದು. ನಮ್ಮವನು ಡೇಟಾಶೀಟನ್ನು ಶ್ರದ್ಧೆಯಿಂದ ಓದಿ ಡ್ರೈವರಿನಲ್ಲಿ ತಾನೇ ತಿರುಗಿಸಿದ. ಚಿಪ್ ಏಳಲಿಲ್ಲ. ಆಗ ಡಿವೈಸ್ ಟ್ರೀಯಲ್ಲಿ 'ಆಕ್ಟಿವ್ ಹೈ' ಎಂದು ಸುಳ್ಳು ಬರೆದ. ಪೆಂಗ್ವಿನ್ ಬಂತು! ಎರಡು ತಪ್ಪು ಸೇರಿ ಒಂದು ಸರಿಯಾಯಿತು. ಇದನ್ನು ಒಳಗೆ ಬಿಟ್ಟರೆ ಮುಂದೆ ನಿಜ ಬರೆದ ಪ್ರತಿ ಬೋರ್ಡಿನ ಪರದೆಯೂ ಕಪ್ಪು. ಡ್ರೈವರನ್ನು ತಿದ್ದೋಣವೆಂದರೆ ಸುಳ್ಳು ಹೊತ್ತು ಈಗಾಗಲೇ ಗಿರಾಕಿಗಳ ಮನೆ ಸೇರಿದ ಬೋರ್ಡುಗಳು ಕಪ್ಪು. ಡಿವೈಸ್ ಟ್ರೀ ಒಮ್ಮೆ ಕೊಟ್ಟ ಮಾತು, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದ ಕಾಲ ನೆನಪಿದೆಯೇ? ಕರ್ನಲ್ಲಿನಲ್ಲಿ ಆ ಬರಹದ ಸಂಖ್ಯೆ 517. ಡ್ರೈವರ್ ಬಂದು ನೋಡುತ್ತದೆ, ಕರೆಂಟು ಕೊಡಬೇಕಾದ ರೆಗ್ಯುಲೇಟರ್ ಇನ್ನೂ ಬಂದಿರುವುದಿಲ್ಲ. 517 ಎಂದು ಹೇಳಿ ಹಿಂತಿರುಗುತ್ತದೆ. ಆಮೇಲೆ ಕರ್ನಲ್ ಮತ್ತೆ ಕರೆಯುತ್ತದೆ. ಇದು ತಪ್ಪಲ್ಲ, ಪದ್ಧತಿ. ಆದರೆ ಪ್ರತಿ ಸಲ ಹಿಂತಿರುಗುವಾಗಲೂ 'ಅಯ್ಯೋ, ಎರರ್!' ಎಂದು ಕೂಗಿಕೊಂಡು ಹೋಗುವ ಡ್ರೈವರುಗಳಿವೆ. ಲಾಗ್ ತುಂಬ ಅದರದೇ ಗೋಳು; ನಿಜವಾದ ಎರರ್ ಆ ಸಂತೆಯಲ್ಲಿ ಕಳೆದುಹೋಗುತ್ತದೆ. ಹೀಗೆ ಬೊಬ್ಬೆ ಹೊಡೆಯದಿರಲೆಂದೇ ಕರ್ನಲ್ಲಿನಲ್ಲಿ ಬೇರೆ ಫಂಕ್ಷನ್ ಇದೆ. ಅದನ್ನು ಬಳಸು ಎಂದು ಬರೆದು ಬರೆದು ಆ ವಾಕ್ಯ ನನ್ನ ಕೀಬೋರ್ಡಿಗೇ ಬಾಯಿಪಾಠವಾಗಿದೆ.

ಇನ್ನು ಟೀವಿಗಳ ವಿಷಯ. 1920 ಅಡ್ಡ, 1080 ಉದ್ದದ ಚಿತ್ರ ಸೆಕೆಂಡಿಗೆ 60 ಸಲ ಹೋಗಬೇಕಾದರೆ ತಂತಿಯ ಮೇಲೆ ನಿಜವಾಗಿ ಹೋಗುವ ಲೆಕ್ಕ 2200 ಅಡ್ಡ, 1125 ಉದ್ದ. ಹೆಚ್ಚಿನದು ಖಾಲಿ ಜಾಗ. ಹಳೆಯ ಡಬ್ಬಾ ಟೀವಿಯ ಎಲೆಕ್ಟ್ರಾನ್ ಕಿರಣ ಗೆರೆ ಮುಗಿಸಿ ಹಿಂತಿರುಗಲು ಬಿಡುತ್ತಿದ್ದ ಬಿಡುವು. ಆ ಟೀವಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಬಿಡುವು ಮಾತ್ರ ಉಳಿದುಕೊಂಡಿದೆ. ಗುಣಿಸಿದರೆ 148.5 ಮೆಗಾಹರ್ಟ್ಸ್. 4ಕೆಗೆ 594. 'ಈ ಅಳತೆ ನಿನ್ನಿಂದಾಗುತ್ತದೆಯೇ' ಎಂದು ಕರ್ನಲ್ ಕೇಳಿದಾಗ, ಚಿಪ್ಪಿನ ತಾಕತ್ತು 150ಕ್ಕೇ ನಿಂತಿದ್ದರೂ ಎಲ್ಲಕ್ಕೂ 'ಓಕೆ' ಅನ್ನುವ ಡ್ರೈವರನ್ನು ಏನನ್ನಬೇಕು? ಹುಡುಗನ ಮೇಜಿನ ಮೇಲಿನ ಮಾನಿಟರ್ 1080ರದು, ಅವನಿಗೇನೂ ಕಾಣಲಿಲ್ಲ. ಮಾನಿಟರುಗಳೂ ಕಮ್ಮಿಯಿಲ್ಲ ಬಿಡಿ. ತಮ್ಮ ಪರಿಚಯವನ್ನು 128 ಬೈಟಿನ ಇಡಿಐಡಿಯಲ್ಲಿ ಬರೆದುಕೊಂಡಿರುತ್ತವೆ. ಅದರಲ್ಲಿ ತಮ್ಮ ಅಳತೆ 16 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ ಎಂದು ಹೇಳುವ ಟೀವಿಗಳಿವೆ. ಅಳತೆ ಬರೆಯುವ ಕಡೆ ಅಗಲ-ಎತ್ತರದ ಪ್ರಮಾಣ ಬರೆದುಕೊಂಡಿವೆ. ಗೋಡೆ ತುಂಬ ನಿಂತಿರುವ ಟೀವಿ ಕಾಗದದ ಮೇಲೆ ಪೋಸ್ಟ್ ಕಾರ್ಡಿನಷ್ಟು.

ಇಷ್ಟೆಲ್ಲ ಜಗಳವಾಡಿ, ಪ್ಯಾಚು ಎರಡನೆಯ, ಮೂರನೆಯ, ನಾಲ್ಕನೆಯ ಅವತಾರ ಎತ್ತಿ, ಕೊನೆಗೆ ಒಪ್ಪಿದೆ ಎನಿಸಿದರೆ ನನಗೆ ಸಿಗುವುದು 'ರಿವ್ಯೂಡ್-ಬೈ' ಎಂಬ ಒಂದು ಸಾಲು, ಅದರ ಮುಂದೆ ನನ್ನ ಹೆಸರು. ಬರೆದವನ ಹೆಸರಿಗೆ 'ಸೈನ್ಡ್-ಆಫ್-ಬೈ' ಇದೆ. ಎಸ್‌ಸಿಓ ಕಂಪನಿ ಲಿನಕ್ಸಿನಲ್ಲಿ ತನ್ನ ಕೋಡಿದೆಯೆಂದು ಹೂಡಿದ ಮೊಕದ್ದಮೆಯ ಬಿಸಿಯಲ್ಲಿ 2004ರಲ್ಲಿ ಬಂದ ರೂಢಿ ಅದು. ಮೂರು ವರ್ಷ ಬಿಟ್ಟು ಯಾರದೋ ಪರದೆ ಕಪ್ಪಾದರೆ ಹುಡುಕಿಕೊಂಡು ಬರುವುದು ಈ ಎರಡು ಹೆಸರನ್ನೇ. ಹುಡುಗ ಅಷ್ಟರಲ್ಲಿ ಕಂಪನಿ ಬದಲಿಸಿರುತ್ತಾನೆ.

ಆದ್ದರಿಂದ ಪ್ಯಾಚು ಕಳಿಸುವ ತಮ್ಮಂದಿರಲ್ಲಿ, ತಂಗಿಯರಲ್ಲಿ ಒಂದು ವಿನಂತಿ. ಡಿಸ್‌ಪ್ಲೇ ಬಂದದ್ದನ್ನು ನನಗೆ ತೋರಿಸಬೇಡಿ. ಕೇಬಲ್ ಕಿತ್ತು ಮತ್ತೆ ಹಾಕಿ, ಬೋರ್ಡನ್ನು ಮಲಗಿಸಿ ಎಬ್ಬಿಸಿ, ಡ್ರೈವರನ್ನು ತೆಗೆದು ಮತ್ತೆ ಸೇರಿಸಿ, ಬೇರೆ ಕಂಪನಿಯ ಮಾನಿಟರ್ ಒಂದನ್ನು ಎರವಲು ತಂದು ಹಚ್ಚಿ ನೋಡಿ. ಎಷ್ಟು ಹೊತ್ತು ಮಲಗಬೇಕೆಂದು ಬರೆಯುವಾಗ ಪಕ್ಕದಲ್ಲಿ ಡೇಟಾಶೀಟಿನ ಪುಟ ಸಂಖ್ಯೆ ಹಾಕಿ. ಆಮೇಲೆ ಕಳಿಸಿ, ಅದೇ ದಿನ ನೋಡಿಕೊಡುತ್ತೇನೆ.